ಚಾವಣಿಗೆ ಬಡಿದ ಕೋಲು

ಆ ಮನೆಯಲ್ಲಿ ಊಟಕ್ಕೆ ಕರೆಯಲು ಯಾರೂ ಗಂಟಲು ಹರಿದುಕೊಳ್ಳುತ್ತಿರಲಿಲ್ಲ. ಅಡುಗೆಮನೆಯ ಮೂಲೆಯಲ್ಲಿ ಜೇಡರ ಬಲೆ ತೆಗೆಯುವ ಉದ್ದನೆಯ ಕೋಲೊಂದು ಸದಾ ಒರಗಿರುತ್ತಿತ್ತು. ಅದನ್ನೆತ್ತಿ ತಲೆಯ ಮೇಲಿನ ಹಲಗೆಗೆ ಒಂದು ಸಲ ಬಡಿದರೆ ಸದ್ದು ಕಡಿಮೆ ಮಾಡು ಎಂದು, ಎರಡು ಸಲ ಬಡಿದರೆ ಊಟಕ್ಕೆ ಬಾ ಎಂದು. ಮೂರು ಬಡಿದರೆ, ಕೈಯಲ್ಲಿರುವುದನ್ನು ಅಲ್ಲೇ ಬಿಟ್ಟು ಓಡಿ ಬಾ ಎಂದು. ಅಟ್ಟದ ಕೋಣೆಗೆ ಮೆಟ್ಟಿಲು ಮನೆಯ ಹಿಂದೆ, ಹೊರಗಡೆ. ಉಬ್ಬಸದ ಅಮ್ಮನಿಗೆ ಹತ್ತಲೂ ಆಗುತ್ತಿರಲಿಲ್ಲ, ಕೂಗಲೂ ಆಗುತ್ತಿರಲಿಲ್ಲ. ಅದಕ್ಕೇ ಅವಳೇ ಮಾಡಿದ ಕಾನೂನು ಇದು. ಅವಳು ಹೋದ ಮೇಲೆ ಮೂರರ ಬಡಿತ ಯಾರಿಗೂ ಬೇಕಾಗಿರಲಿಲ್ಲ.

ಈಗ ಕೋಲು ಹಿಡಿಯುವವಳು ಅಮ್ಮನ ಮಗಳು. ಬೀದಿಯವರಿಗೆಲ್ಲ ಅವಳು ಜಿಪ್ಪಕ್ಕ. ಕೋಟಿನದೋ ಚೀಲದ್ದೋ ಬೂಟಿನದೋ, ಜಿಪ್ಪು ಕೆಟ್ಟರೆ ಅವಳ ಮೇಜಿನ ಮೇಲೆ ಬಂದು ಬೀಳಬೇಕು. ಹಳೆಯ ಹೊಲಿಗೆಯನ್ನು ಬಟ್ಟೆಗೆ ನೋವಾಗದ ಹಾಗೆ ಬಿಚ್ಚಿ, ಹೊಸ ಜಿಪ್ಪನ್ನು ಅದೇ ತೂತುಗಳಲ್ಲಿ ಕೂರಿಸುವ ತಾಳ್ಮೆ ಆ ಸುತ್ತಿನಲ್ಲಿ ಇನ್ನೊಬ್ಬರಿಗೆ ಇರಲಿಲ್ಲ. ಗಂಡ ಹಡಗಿನ ಅಡುಗೆಯವನು, ವರ್ಷದ ಹೆಚ್ಚು ಕಾಲ ನೀರಿನ ಮೇಲೇ. ಮಗಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅಟ್ಟದ ಕೋಣೆಯಲ್ಲಿ ತಮ್ಮ. ವ್ಯಾನು ಓಡಿಸಿ ಓಡಿಸಿ ಮಂಡಿ ಸವೆಸಿಕೊಂಡು, ಹೆಂಡತಿಯೂ ಸಾಕಪ್ಪಾ ಸಾಕು ಎಂದು ಹೊರಟುಹೋದ ಮೇಲೆ, ಎರಡು ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದ. ಅಕ್ಕ ಒಂದು ಮಾತೂ ಕೇಳದೆ ಅಟ್ಟದ ಧೂಳು ಹೊಡೆದು ಹಾಸಿಗೆ ಹಾಸಿದ್ದಳು.

ಆ ಕೋಣೆ ಮೊದಲಿನಿಂದಲೂ ಅವನದೇ. ಮೀಸೆ ಮೂಡುವ ವಯಸ್ಸಿನಲ್ಲಿ ಇನ್ನು ಮೂವರನ್ನು ಕಟ್ಟಿಕೊಂಡು ಅಲ್ಲಿ ಬ್ಯಾಂಡು ಶುರು ಮಾಡಿದ್ದ. ಅಟ್ಟದ ಗೋಡೆ ವರ್ಷವಿಡೀ ಒಸರುತ್ತಿದ್ದುದರಿಂದ ಬ್ಯಾಂಡಿನ ಹೆಸರೂ 'ತೇವದ ಗೋಡೆ' ಎಂದೇ ಆಯಿತು. ಅವರು ನುಡಿಸುತ್ತಿದ್ದ ಬಗೆಯ ಸಂಗೀತವನ್ನು ಪೋಸ್ಟ್-ಪಂಕ್ ಎನ್ನುತ್ತಾರೆಂದು ಜಿಪ್ಪಕ್ಕನಿಗೆ ಗೊತ್ತಾದದ್ದು ಮೊನ್ನೆ ಮೊನ್ನೆ, ಮಗಳ ಬಾಯಿಂದ. ಆಗ ಅವಳ ಕಿವಿಗೆ ಕೇಳುತ್ತಿದ್ದುದು ಇಷ್ಟೇ: ಒಬ್ಬ ತಟ್ಟೆಯನ್ನು ಮೊಳೆಯಿಂದ ಕೆರೆಯುತ್ತಿದ್ದಾನೆ, ಇನ್ನೊಬ್ಬ ಭಾರದ ಬೀರುವನ್ನು ಎಳೆದಾಡುತ್ತಿದ್ದಾನೆ, ಗುಂಡ ಎಂಬ ಡ್ರಮ್ಮಿನವನು ಯಾರದೋ ಮೇಲಿನ ಸಿಟ್ಟನ್ನು ಚರ್ಮದ ಮೇಲೆ ತೀರಿಸಿಕೊಳ್ಳುತ್ತಿದ್ದಾನೆ, ಇವುಗಳ ನಡುವೆ ತನ್ನ ತಮ್ಮ ರೈಲು ತಡವಾಗಿ ಬರಲಿದೆ ಎಂದು ಸಾರುವವನ ದನಿಯಲ್ಲಿ ಏನೋ ಹೇಳುತ್ತಿದ್ದಾನೆ. ಮೂರು ಆಲ್ಬಂ ಬಂದವು. ಕೊಂಡವರು ಬೆರಳೆಣಿಕೆ. ಬ್ಯಾಂಡು ಒಡೆಯಿತು.

ಈಗ ಯಾರೋ ಪುಣ್ಯಾತ್ಮರು ಮೂರನ್ನೂ ಇಂಟರ್ನೆಟ್ಟಿಗೆ ಹಾಕಿದ್ದರು. ಅವು ಬಂದಾಗ ಹುಟ್ಟಿಯೇ ಇರದ ಹುಡುಗ ಹುಡುಗಿಯರು ಅವನ್ನು ಕೇಳಿ ತಲೆದೂಗುತ್ತಿದ್ದರು. ಕನ್ನಡಕದ ಅಂಗಡಿಯಲ್ಲಿ ಜೊತೆಯವಳೊಬ್ಬಳು ಹಾಕಿದ ಹಾಡಿನಲ್ಲಿ ಮಾಮನ ದನಿ ಗುರುತಿಸಿದ ಮಗಳು ಕುಣಿಯುತ್ತಲೇ ಮನೆಗೆ ಬಂದಳು. ಮಾಮ ತಟ್ಟೆಯಿಂದ ತಲೆಯೆತ್ತಲಿಲ್ಲ. ಮೊದಲಿನೆರಡು ಕೇಳು ಸಾಕು, ಮೂರನೆಯದರ ರೆಕಾರ್ಡಿಂಗ್ ಕೆಟ್ಟದಾಗಿದೆ, ಕೇಳೋ ಹಾಗಿಲ್ಲ ಎಂದ. ನಾಚಿಕೆ ಇರಬೇಕು ಎಂದುಕೊಂಡಳು ಅಕ್ಕ.

ಅವಳಾದರೂ ಆ ಆಲ್ಬಂಗಳನ್ನು ಒಮ್ಮೆಯೂ ಕೇಳಿರಲಿಲ್ಲ. ಅಮ್ಮ ಸತ್ತ ಸಂಜೆಯ ನೆನಪು ಅವಕ್ಕೆ ಅಂಟಿಕೊಂಡಿತ್ತು. ಬಾಡಿಗೆಯ ಟೇಪು ಮೆಷಿನ್ನು ತಂದು ಹುಡುಗರು ಮೇಲೆ ಮೂರನೆಯ ಆಲ್ಬಂ ರೆಕಾರ್ಡು ಮಾಡುತ್ತಿದ್ದರು. ಕೆಳಗೆ ಅಮ್ಮನಿಗೆ ಉಸಿರು ಸಿಕ್ಕಿಕೊಂಡಿತು. ಮಲಗಿಸಿದರೆ ಇರುವ ಉಸಿರೂ ನಿಲ್ಲುತ್ತಿತ್ತು. ಎದೆಗೊರಗಿಸಿಕೊಂಡು ಎಡಗೈಯಲ್ಲಿ ಹಿಡಿದು, ಬಲಗೈಗೆ ಸಿಕ್ಕ ಕೋಲಿನಿಂದ ಜಿಪ್ಪಕ್ಕ ಮೂರು ಬಡಿದಳು. ಮತ್ತೆ ಮೂರು. ಮತ್ತೆ. ಆಸ್ಪತ್ರೆ ಬೀದಿಯ ಕೊನೆಯಲ್ಲೇ ಇತ್ತು, ಎತ್ತಿಕೊಂಡು ಹೋಗಲು ಇನ್ನೊಬ್ಬರಿದ್ದರೆ ಸಾಕಿತ್ತು. ಹಾಡು ಮುಗಿಸಿ ತಮ್ಮ ಕೆಳಗಿಳಿಯುವಾಗ ಕೋಲು ನೆಲದ ಮೇಲೆ ಬಿದ್ದಿತ್ತು. ಅಮ್ಮನ ಕೈ ಹಿಡಿದು ಅವನು ಆಣೆ ಮಾಡಿದ: "ಕೇಳಿಸ್ಲಿಲ್ಲ ಅಕ್ಕಾ. ಆ ಸದ್ದಲ್ಲಿ ಏನೂ ಕೇಳಿಸ್ಲಿಲ್ಲ."

ಅವಳು ನಂಬಿದಳು. ಚಿಕ್ಕಮ್ಮ ಅವನನ್ನು ಬಾಯಿಗೆ ಬಂದಂತೆ ಬೈದಾಗ ಅಡ್ಡ ನಿಂತು ಚಿಕ್ಕಮ್ಮನ ಜೊತೆಗೇ ಮಾತು ಬಿಟ್ಟಳು. ಅಳುತ್ತಿದ್ದವನನ್ನು ತಾನೇ ಸಮಾಧಾನ ಮಾಡಿದಳು. ಇನ್ನೊಂದಿಷ್ಟು ಜೋರಾಗಿ ಬಡಿಯಬೇಕಿತ್ತು ಎಂಬ ಕೊರಗನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಜಿಪ್ಪಿನ ಹಲ್ಲು ಕೂರಿಸುತ್ತಾ ಕೂರಿಸುತ್ತಾ ಎಷ್ಟೋ ಸಲ ಬಲಗೈಯನ್ನು ಹೊರಳಿಸಿ ನೋಡಿಕೊಳ್ಳುವಳು, ಅದು ಯಾರದೋ ಕೈ ಎನ್ನುವ ಹಾಗೆ.

ಮಗಳು ಬಿಡಲಿಲ್ಲ. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಅಡುಗೆಮನೆಯ ಕಿಟಕಿಯ ಮೇಲೆ ಪುಟ್ಟ ಸ್ಪೀಕರಿಟ್ಟು ಮೊದಲ ಆಲ್ಬಂ ಹಾಕಿದಳು. ಜಿಪ್ಪಕ್ಕ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಾ, ಎರಡು ಹಾಡು ಕೇಳಿ ನಿಲ್ಲಿಸು ಎಂದು ಹೇಳಬೇಕೆಂದಿದ್ದಳು. ಆದರೆ ಬಾಯಿ ತನ್ನಷ್ಟಕ್ಕೆ ಹಾಡಿನ ಜೊತೆ ಆಡತೊಡಗಿತು. ಹಲಗೆಯೊಳಗಿಂದ ಸೋರಿ ಸೋರಿ ಪ್ರತಿ ಸಾಲೂ ಅವಳೊಳಗೆ ಇಳಿದು ಕೂತಿತ್ತು, ಅವಳಿಗೇ ಗೊತ್ತಿರಲಿಲ್ಲ. ಮಗಳು ಬಿಟ್ಟ ಬಾಯಿ ಬಿಟ್ಟಂತೆ ನೋಡಿದಳು.

"ನೀನೂ ಪಂಕೇ ಬಿಡಮ್ಮ," ಎಂದಳು.

"ಸಿಪ್ಪೆ ಎತ್ತಿ ಹಾಕು, ಮಾತು ಸಾಕು," ಎಂದಳು ತಾಯಿ. ಆದರೆ ಮಾರನೆಯ ಬೆಳಿಗ್ಗೆ ಸ್ಪೀಕರಿನ ಮುಂದಿನ ಡಬ್ಬಗಳನ್ನು ತಾನೇ ಸರಿಸಿಟ್ಟಳು.

ಎರಡನೆಯ ಆಲ್ಬಮ್ಮಿನಲ್ಲಿ ಅವಳ ಬೈಗುಳದ್ದೇ ಒಂದು ಹಾಡಿತ್ತು. ಕಾಲೊರೆಸಿಕೋ, ದೀಪ ಆರಿಸು, ಗೆಳೆಯರನ್ನು ಕಳಿಸು ಎಂದು ತಾನು ಹೇಳುತ್ತಿದ್ದುದನ್ನೆಲ್ಲ ತಮ್ಮ ಪೋಣಿಸಿಟ್ಟಿದ್ದ. ಕೇಳುತ್ತಾ ಕೇಳುತ್ತಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಕಳ್ಳ, ಎಲ್ಲ ಕಿವಿಗೆ ಹಾಕಿಕೊಂಡಿದ್ದಾನೆ ಎಂದುಕೊಂಡಳು. ಆ ರಾತ್ರಿ ಅವನ ತಟ್ಟೆಗೆ ಒಂದು ಸೌಟು ಹೆಚ್ಚೇ ಬಿತ್ತು.

ಮೂರನೆಯದು ಬೇಡ ಎಂದು ಮಾಮ ಹೇಳಿದ್ದ ಮೇಲೆ ಮಗಳು ಅದನ್ನು ಹಾಕದೆ ಇರುತ್ತಾಳೆಯೇ. ಕೊನೆಯ ಹಾಡನ್ನೇ ಎಲ್ಲರೂ ಹೊಗಳುತ್ತಾರೆ, ಅದರಲ್ಲಿ ಒಂದು ಬಡಿತವಿದೆ, ಅದು ಏನಿರಬಹುದೆಂದು ದೊಡ್ಡ ಜಗಳವೇ ನಡೆದಿದೆ, ಬೂಟಿನಿಂದ ಪೆಟ್ಟಿಗೆಗೆ ಒದ್ದದ್ದು ಅಂತ ಕೆಲವರು, ಬೇಕೆಂದೇ ಎದೆಬಡಿತದ ಹಾಗೆ ಮಾಡಿದ್ದು ಅಂತ ಕೆಲವರು ಎಂದೆಲ್ಲ ವಿವರಿಸಿ ಸದ್ದು ಏರಿಸಿದಳು. ಜಿಪ್ಪಕ್ಕ ಒಂದು ಚರ್ಮದ ಕೋಟಿನ ಹೊಲಿಗೆ ಬಿಚ್ಚುತ್ತಿದ್ದಳು.

ಬೀರು ಎಳೆದಾಡುವ ಸದ್ದು ಮೊದಲು ಬಂತು. ಆಮೇಲೆ ಡ್ರಮ್ಮು. ಆಮೇಲೆ, ಕೆಳಗೆಲ್ಲಿಂದಲೋ, ಮಂದವಾಗಿ, ಮರದ ಮೇಲೆ ಮರ. ಮೂರು. ಸ್ವಲ್ಪ ತಡೆದು ಮತ್ತೆ ಮೂರು.

ಅವಳ ಕೈ ನಿಂತಿತು.

ಹಾಡಿನ ಮಧ್ಯೆಯೇ ಗುಂಡನ ದನಿ, ಮೈಕಿನಿಂದ ದೂರ, ಸದ್ದಿನಡಿ ಹುದುಗಿ, ಆ ದನಿಗಳನ್ನು ಬಲ್ಲ ಕಿವಿಗೆ ಮಾತ್ರ ಸ್ಪಷ್ಟ: "ಅಕ್ಕ ಬಡೀತಿದಾರೆ ಕಣೋ."

ತಮ್ಮನ ದನಿ ಹತ್ತಿರವಿತ್ತು. "ಬಡೀಲಿ ಬಿಡು. ಸರಿಯಾಗಿ ತಾಳಕ್ಕೇ ಬೀಳ್ತಿದೆ. ನಿಲ್ಲಿಸ್ಬೇಡ."

"ಕೇಳಿಸ್ತಾ? ಅಕ್ಕ ಅಂದ್ರೆ ನೀನೇ!" ಮಗಳು ತಾಯಿಯ ಹೆಗಲು ಹಿಡಿದು ಅಲುಗಿಸಿದಳು. "ಸದ್ದು ಕಡಿಮೆ ಮಾಡಿ ಅಂತ ಬಡೀತಿದ್ದೆ ಅಲ್ವಾ? ಪ್ರಪಂಚಕ್ಕೆಲ್ಲ ಇಷ್ಟವಾದ ಬಡಿತ ನಿಂದಮ್ಮ!"

ಬಡಿತ ಬರುತ್ತಲೇ ಇತ್ತು. ಬರಬರುತ್ತಾ ನಿಧಾನವಾಯಿತು. ಮೂರಿದ್ದದ್ದು ಎರಡಾಯಿತು, ಒಂದಾಯಿತು. ಆಮೇಲೆ ಇಲ್ಲ. ಬರೀ ಬೀರು ಎಳೆಯುವ ಸದ್ದು, ತುಂಬಾ ಹೊತ್ತು.

"ಇಲ್ಲಿ ಕೇಳು, ಇದೇ ಜಾಗ," ಮಗಳು ಪಿಸುಗುಟ್ಟಿದಳು. "ಬಡಿತ ನಿಂತ್ಮೇಲೆ ಬೇಸ್ ಗಿಟಾರ್ ಒಂದೇ ಉಳಿಯುತ್ತಲ್ಲ. ಇದಕ್ಕೇ ಎಲ್ಲರೂ ಸಾಯ್ತಾರೆ."

ಮಗಳಿಗೆ ಗೊತ್ತಿದ್ದದ್ದು ಎರಡರ ಬಡಿತ ಮತ್ತು ಒಂದರ ಬಡಿತ ಮಾತ್ರ. ಅಜ್ಜಿ ಉಬ್ಬಸದಿಂದ ಹೋದರೆಂದು ಗೊತ್ತು, ಅಷ್ಟೇ. ತಾಯಿ ಅವಳ ಮುಖ ನೋಡಿದಳು. ಆ ಸಂತೋಷದ ಮೇಲೆ ಕೈಯಿಡಲು ಮನಸ್ಸಾಗಲಿಲ್ಲ. ಹೊತ್ತಾಯಿತು, ಅಂಗಡಿಗೆ ಹೊರಡು ಎಂದಳು. ಮಗಳು ಸ್ಪೀಕರನ್ನು ಅಲ್ಲೇ ಬಿಟ್ಟು ಓಡಿದಳು.

ಮನೆ ಸುಮ್ಮನಾಯಿತು. ಜಿಪ್ಪಕ್ಕ ಅನ್ನಕ್ಕಿಟ್ಟಳು, ಆಲೂಗಡ್ಡೆ ಬೇಯಿಸಿದಳು, ನೆಲ ಒರೆಸಿದಳು. ಜೋರಾಗಿ ಬಡಿಯಬೇಕಿತ್ತು ಎಂದು ಇಷ್ಟು ವರ್ಷ ಶಪಿಸಿಕೊಂಡ ಕೈ ಇದು. ಚೆನ್ನಾಗಿಯೇ ಬಡಿದಿತ್ತು. ತಾಳಕ್ಕೆ ಸರಿಯಾಗಿ ಬಡಿದಿತ್ತು. ಆ ಆಲ್ಬಮ್ಮಿನ ಒಂದು ಪ್ರತಿಯನ್ನೂ ಅವನು ಈ ಮನೆಗೆ ತರದೆ ಇದ್ದದ್ದು ಅಮ್ಮನ ದುಃಖಕ್ಕೆ ಎಂದು ಅವಳು ಮರುಗಿದ್ದಳು. ಒರೆಸಿದ ನೆಲವನ್ನೇ ಮತ್ತೊಮ್ಮೆ ಒರೆಸಿದಳು.

ಊಟದ ಹೊತ್ತಿಗೆ ಕೋಲು ತೆಗೆದುಕೊಂಡಳು. ಎರಡು ಬಡಿದಳು. ಕೈ ಇಳಿಸಲಿಲ್ಲ. ಮೂರನೆಯದನ್ನೂ ಬಡಿದಳು.

ಮೇಲೆ ಕುರ್ಚಿ ಉರುಳಿದ ಸದ್ದಾಯಿತು. ಹಿಂದಿನ ಮೆಟ್ಟಿಲ ಮೇಲೆ ಧಡಧಡ ಹೆಜ್ಜೆ. ಸವೆದ ಮಂಡಿಯ ಮನುಷ್ಯ ಹಾಗೆ ಇಳಿಯಬಲ್ಲನೆಂದು ಅವಳು ಎಣಿಸಿರಲಿಲ್ಲ. ಒಂದೇ ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡು, ಬಾಗಿಲ ಚೌಕಟ್ಟು ಹಿಡಿದು ಏದುಸಿರು ಬಿಡುತ್ತಾ ನಿಂತ.

"ಏನಾಯ್ತಕ್ಕಾ?"

"ಏನೂ ಆಗಿಲ್ಲ. ಕೇಳಿಸುತ್ತಾ ಅಂತ ನೋಡ್ದೆ."

ಅವನ ಕಣ್ಣು ಕೋಲಿನಿಂದ ಕಿಟಕಿಯ ಮೇಲಿನ ಸ್ಪೀಕರಿಗೆ ಹೋಯಿತು, ಅಲ್ಲೇ ನಿಂತಿತು. ಬಾಗಿಲ ಬಳಿಯ ಸ್ಟೂಲಿನ ಮೇಲೆ ಕುಸಿದ. ಮಂಡಿ ನೀವಿಕೊಂಡ. ನೆಲ ನೋಡುತ್ತಾ ಹೇಳಿದ:

"ಆವತ್ತು ಊಟಕ್ಕೆ ಅನ್ಕೊಂಡೆ."

"ಊಟಕ್ಕೆ ಎರಡು."

ಅವನು ಒಂದೊಂದೇ ಕಾರಣ ಹೇಳತೊಡಗಿದ. ಮೆಷಿನ್ನು ಮಾರನೆಯ ದಿನ ವಾಪಸು ಕೊಡಬೇಕಿತ್ತಂತೆ. ಅದಕ್ಕೂ ಮುಂಚೆ ಒಂದು ಸಲವೂ ಹಾಡು ಅಷ್ಟು ಚೆನ್ನಾಗಿ ಕೂತಿರಲಿಲ್ಲವಂತೆ. ಅಮ್ಮನಿಗೆ ಆಗಾಗ ಹಾಗಾಗುತ್ತಿತ್ತು, ಪ್ರತಿ ಸಲ ತಾನಾಗೇ ಸರಿಹೋಗುತ್ತಿತ್ತು, ಇದೂ ಹೋಗುತ್ತದೆ ಅಂದುಕೊಂಡನಂತೆ. ಹೇಳುತ್ತಾ ಹೇಳುತ್ತಾ ಅವನ ದನಿ ಮತ್ತೆ ಆ ರೈಲು ನಿಲ್ದಾಣದ ದನಿಯಾಗಿತ್ತು.

"ಹಾಡು ಮುಗೀಲಿ ಅಂತಷ್ಟೇ ಅಕ್ಕ," ಎಂದ ಕೊನೆಗೆ.

"ಹಾಡು ಚೆನ್ನಾಗಿ ಬಂದಿದೆ," ಎಂದಳು ಅವಳು. ಅದು ನಿಜವಾಗಿತ್ತು. ಸುಳ್ಳಾಗಿದ್ದರೆ ಎಷ್ಟೋ ವಾಸಿಯಿತ್ತು.

ಅವನು ಅತ್ತ. ಹಿಂದೆಯೂ ಹೀಗೇ ಅತ್ತಿದ್ದ, ಆಗ ಅವಳು ತಲೆ ನೇವರಿಸಿದ್ದಳು. ಈಗ ತಟ್ಟೆ ಹಾಕಿ, ಬಡಿಸಿ, ಅವನ ಮುಂದಿಟ್ಟು, ಚರ್ಮದ ಕೋಟಿನ ಮುಂದೆ ಹೋಗಿ ಕೂತಳು. ಅವನು ತಿಂದನೋ ಇಲ್ಲವೋ ತಿರುಗಿ ನೋಡಲಿಲ್ಲ. ಮೆಟ್ಟಿಲ ಮೇಲೆ ಒಂದೊಂದೇ ಹೆಜ್ಜೆ ಏರಿದ್ದು ಮಾತ್ರ ಕೇಳಿಸಿತು.

ಸಂಜೆ ಮಗಳು ಬಂದವಳೇ, ಮಾಮನಿಗೆ ಆ ಹಾಡು ಹಾಕಿ ಎಲ್ಲ ಕೇಳಬೇಕು, ಕರೆಯಲೇ ಎಂದು ಮೂಲೆಗೆ ಕೈ ಚಾಚಿದಳು. ಅಲ್ಲಿ ಕೋಲಿರಲಿಲ್ಲ. ಎರಡು ತುಂಡಾಗಿ ಹಿತ್ತಿಲ ಕಸದ ಡಬ್ಬಿಯಲ್ಲಿತ್ತು.

"ಕೋಲೆಲ್ಲಮ್ಮಾ?"

"ಮುರೀತು." ತಾಯಿ ಸೂಜಿಗೆ ದಾರ ಪೋಣಿಸುತ್ತಿದ್ದಳು. "ಊಟ ಮೇಲಕ್ಕೇ ತಗೊಂಡು ಹೋಗಿ ಕೊಡು. ಇನ್ಮೇಲೆ ಹಾಗೇ."

"ಮಂಡಿ ನೋವು ಜಾಸ್ತಿ ಆಯ್ತಾ ಮಾಮಂಗೆ?"

"ಅವನನ್ನೇ ಕೇಳು," ಎಂದಳು. ದಾರ ಎರಡು ಸಲ ತಪ್ಪಿತು, ಮೂರನೆಯ ಸಲಕ್ಕೆ ಸೂಜಿಯ ಕಣ್ಣೊಳಗೆ ಹೋಯಿತು. "ಏನು ಕೇಳ್ಬೇಕೋ ಎಲ್ಲಾ ಅವನನ್ನೇ ಕೇಳು. ಅವನಿಗೆ ಕಿವಿ ಚೆನ್ನಾಗಿದೆ."

ಮಗಳು ತಟ್ಟೆ ಒಂದು ಕೈಯಲ್ಲಿ, ಸ್ಪೀಕರು ಇನ್ನೊಂದು ಕೈಯಲ್ಲಿ ಹಿಡಿದು ಹಿಂಬಾಗಿಲಿನಿಂದ ಹೋದಳು. ಅವಳು ಮೆಟ್ಟಿಲು ಹತ್ತಿದ್ದು, ಬಾಗಿಲು ತಳ್ಳಿದ್ದು, ತಟ್ಟೆಯನ್ನು ನೆಲಕ್ಕಿಟ್ಟದ್ದು, 'ಮಾಮಾ' ಎಂದದ್ದು, ಎಲ್ಲವೂ ಹಲಗೆಯೊಳಗಿಂದ ಕೆಳಗಿನವಳಿಗೆ ಕೇಳಿಸಿತು. ಜಿಪ್ಪಕ್ಕ ಕೋಟನ್ನು ಬೆಳಕಿಗೆ ಹಿಡಿದು, ಹಳೆಯ ತೂತುಗಳಲ್ಲೇ ಹೊಲಿಗೆ ಹಾಕತೊಡಗಿದಳು.