ಎಣಿಸಬಾರದ ಕುರಿಗಳು

ಶಿಲ್ಪಳ ಪ್ರಬಂಧ ಮತ್ತೆ ವಾಪಸ್ಸು ಬಂದಿತ್ತು. 'ನಮ್ಮ ಮನೆಯಲ್ಲಿ ಬಹಳ ಕುರಿಗಳಿವೆ' ಎಂಬ ಮೊದಲ ಸಾಲಿನ ಕೆಳಗೇ ಕೆಂಪು ಗೆರೆ, ಪಕ್ಕದಲ್ಲಿ ಒಂದೇ ಪ್ರಶ್ನೆ: ಎಷ್ಟು?

ಚಳ್ಳಕೆರೆಯ ಆ ಕಾಲೇಜಿನಲ್ಲಿ ಮೊದಲ ವರ್ಷದವರಿಗೆ ಬರವಣಿಗೆ ಎಂಬುದೊಂದು ವಿಷಯ. ಕಲಿಸುವವರು ವನಜಾಕ್ಷಿ ಮೇಡಂ. ಅವರ ಪ್ರಬಂಧಕ್ಕೆ ನಿರ್ಬಂಧಗಳೇ ಜಾಸ್ತಿ. 'ಬಹಳ', 'ತುಂಬಾ', 'ಅನೇಕ' ಎಂದು ಬರೆದವರಿಗೆ ಅವರ ತರಗತಿಯಲ್ಲಿ ಅನೇಕ ತೊಂದರೆ, ತುಂಬಾ ಬೈಗುಳ. ನಾಳೆ ಎಲ್ಲರೂ ಎದ್ದುನಿಂತು ಓದಬೇಕು. ಬೇರೆಯವರಿಗೆ ಅದು ಅಂಕ, ಶಿಲ್ಪಳಿಗೆ ಆತಂಕ. "ಫೇಲಾದ್ರೆ ಬಸ್ ಹತ್ತಿದ್ದು ಸಾಕು, ಕುರಿ ಹಿಂದೆ ಹೋಗು" ಎಂದು ಅಪ್ಪ ಆಗಲೇ ಹೇಳಿಟ್ಟಿದ್ದ.

"ಎಷ್ಟು ಅಂತ ಹೇಳೋಕೆ ನಿಂಗೇನೇ ರೋಗ?" ಎಂದಳು ಪಕ್ಕದಲ್ಲಿ ಕೂರುವ ಕಾವ್ಯ. ಪೇಟೆಯ ಹುಡುಗಿ, ಕುರಿಯನ್ನು ಬಿರಿಯಾನಿಯಲ್ಲಿ ಮಾತ್ರ ಹತ್ತಿರದಿಂದ ಕಂಡವಳು.

"ಎಣಿಸಬಾರ್ದು ಕಣೇ. ಎಣಿಸಿದ್ರೆ ಇಳೀತಾವೆ."

"ಹಂಗಾರೆ ನನ್ ತೂಕಾನೂ ದಿನಾ ನೋಡ್ತೀನಿ, ಇಳೀಲಿ."

"ಸುಮ್ಕಿರೇ."

"ಯಾವ್ದಾರ ಒಂದ್ ನಂಬರ್ ಹಾಕಿ ಬಿಸಾಕು. ಮೇಡಂ ಏನ್ ನಿಮ್ಮೂರು ಬಿ.ಜಿ. ಕೆರೆಗೆ ಬಂದು ನೋಡ್ತಾರಾ?"

ಸಂಜೆ ಶಿಲ್ಪ ಹಟ್ಟಿ ಸೇರಿದಾಗ ಅಪ್ಪ ಬೊಮ್ಮಣ್ಣ ರೊಪ್ಪದ ಬಾಗಿಲಲ್ಲಿ ನಿಂತು ಕುರಿಗಳನ್ನು ಒಳಗೆ ಬಿಡುತ್ತಿದ್ದ.

"ಅಪ್ಪಾ, ಒಟ್ಟು ಎಷ್ಟವೆ?"

ಬೊಮ್ಮಣ್ಣ ಸುತ್ತ ನೋಡಿ ನೆಲಕ್ಕೆ ಉಗುಳಿದ. "ಹೊತ್ತು ಮುಳುಗೋ ಹೊತ್ನಾಗೆ ಎಂಥಾ ಮಾತಾಡ್ತೀಯೇ? ಕಾಲೇಜ್ನಾಗೆ ಇದೇ ಕಲಿಸ್ತಾರಾ?"

"ಮತ್ತೆ ಒಂದು ತಪ್ಪಿಸ್ಕಂಡ್ರೆ ಹೆಂಗೆ ಗೊತ್ತಾಗ್ತೈತೆ?"

"ನಿಮ್ಮವ್ವ ಮನ್ಯಾಗಿಲ್ಲ ಅಂತ ಮನೆಮಂದೀನ ಎಣಿಸಿ ತಿಳ್ಕಂತೀಯಾ?"

ಗತಿಯಿಲ್ಲದೆ ಶಿಲ್ಪ 'ನಲವತ್ತು' ಎಂದು ಬರೆದಳು. ಮಂದೆ ಅದಕ್ಕಿಂತ ದೊಡ್ಡದು, ಬರೆದಷ್ಟಕ್ಕೇ ಇಳಿದುಬಿಟ್ಟರೆ? ಹೊಡೆದುಹಾಕಿ 'ನೂರು' ಎಂದಳು. ದುರಾಸೆ ಅಂತ ದೇವರಿಗೆ ಸಿಟ್ಟು ಬಂದರೆ? ಅದನ್ನೂ ಹೊಡೆದಳು. ಊಟಕ್ಕೆ ಕರೆಯುವಷ್ಟರಲ್ಲಿ ಯಾವ ರೋಗವೂ ಇಲ್ಲದೆ ಹಾಳೆಯ ಮೇಲೆ ಎಷ್ಟೋ ಕುರಿಗಳು ಸತ್ತು ಹುಟ್ಟಿದ್ದವು. ಕೊನೆಗೆ ಉಳಿದದ್ದು ಮತ್ತೆ ನಲವತ್ತೇ.

ಮರುದಿನ ಓದಲು ಎದ್ದಳು. ಆ ಪದದ ಹತ್ತಿರ ಬಂದು ನಾಲಿಗೆ ನಿಂತೇಹೋಯಿತು.

"ಎಷ್ಟಮ್ಮಾ?" ಎಂದರು ಮೇಡಂ.

"ಹೇಳಬಾರ್ದು ಮೇಡಂ."

ತರಗತಿ ಗೊಳ್ಳೆಂದಿತು. ಮೇಡಂ ಹಾಜರಿ ಪುಸ್ತಕದತ್ತ ತಿರುಗಿದರು. "ಹಾಗಾದ್ರೆ ಕೂತ್ಕೋ. ನಿನಗೆ ಈ ವರ್ಷ ಆಗಲ್ಲ."

"ಎಷ್ಟು ಅಂತ ಬ್ಯಾಡ ಮೇಡಂ, ಯಾವ್ಯಾವು ಅಂತ ಹೇಳ್ತೀನಿ!"

ಹಾಳೆ ಮಡಚಿ, ಕಣ್ಣು ಮುಚ್ಚಿ ಶುರುಮಾಡಿಯೇಬಿಟ್ಟಳು. ನಾಯಿ ಕಚ್ಚಿ ಅರ್ಧ ಕಿವಿ ಕಳೆದುಕೊಂಡರೂ ಎಲ್ಲರಿಗಿಂತ ಮೊದಲು ಕೂಗು ಕೇಳಿಸಿಕೊಳ್ಳುವ ಕೆಂಚಿ. ಮಳೆ ಹನಿ ಬಿದ್ದರೆ ಎಮ್ಮೆಯ ಹೊಟ್ಟೆಯಡಿ ನಿಲ್ಲುವ ಬೋಳಿ. ಅಪ್ಪನ ಬೀಡಿ ಕಟ್ಟು ತಿಂದು ಅಪ್ಪನ ಹಾಗೇ ಕೆಮ್ಮಿದ ಟಗರು. ತನ್ನ ಮರಿ ಸತ್ತ ಮೇಲೆ ಯಾರ ಮರಿ ಬಂದರೂ ಹಾಲು ಬಿಡುವ ಕರಿಕಾಲಿ. ಹೇಳುತ್ತ ಹೋದಳು. ನಗು ಮೊದಲು ಬೇರೆ ಥರದ್ದಾಯಿತು, ಆಮೇಲೆ ನಿಂತಿತು.

ಕಣ್ಣು ಬಿಟ್ಟರೆ ಪಕ್ಕದಲ್ಲಿ ಕಾವ್ಯಳ ಬೆರಳುಗಳು ಒಂದೊಂದಾಗಿ ಮಡಚಿಕೊಳ್ಳುತ್ತಿವೆ.

"ಲೇ ಕಾವ್ಯ, ಬೆರಳು ಬಿಚ್ಚೇ! ನಮ್ ಮನೆ ಹಾಳ್ ಮಾಡ್ತೀಯಾ?"

"ಕಾವ್ಯ, ಕೈ ಬೆಂಚಿನ ಮೇಲಿಡು" ಎಂದು ಗದರಿದರು ಮೇಡಂ. ಗದರಿದ ಮೇಲೆ, ಬೆರಳಿನ ಗೆಣ್ಣಿನ ಮೇಲಿದ್ದ ತಮ್ಮ ಹೆಬ್ಬೆರಳನ್ನು ನೋಡಿಕೊಂಡು ಮೆಲ್ಲಗೆ ಕೈಯನ್ನು ಬೆನ್ನ ಹಿಂದೆ ಕಟ್ಟಿದರು.

"ಇದನ್ನೇ ಬರೆದು ಕೊಡು. ಇಲ್ಲೇ, ಈಗಲೇ. ಪಾಸ್ ಮಾಡ್ತೀನಿ. ಆದ್ರೆ ಒಂದನ್ನೂ ಬಿಡಬಾರದು."

ಶಿಲ್ಪ ಬರೆದಳು. ಕೆಂಚಿ ಬಂತು, ಬೋಳಿ ಬಂತು, ಕರಿಕಾಲಿಯೂ ಬಂತು; ಮಂದೆಯೆಲ್ಲ ಹಾಳೆಯೊಳಗೆ ನುಗ್ಗಿತು. ಉಳಿದದ್ದು ಒಂದು ಮರಿ. ಬೆಳಿಗ್ಗೆ ಅವಳು ಬಸ್ಸಿಗೆ ಹೊರಡುವಾಗ ಹುಟ್ಟಿದ್ದು, ಮೈ ಇನ್ನೂ ಒಣಗಿರಲಿಲ್ಲ. ಅದನ್ನೂ ಬರೆದರೆ ಲೆಕ್ಕ ಪೂರ್ತಿ. ಪೆನ್ನು ಹಾಳೆಗೆ ತಾಗಿ ನಿಂತಿತು. ಮೇಡಂ ಆಗಲೇ ಕೈ ಚಾಚಿದ್ದರು.

"ಎಲ್ಲಾ ಬಂದ್ವಾ?"

"ಬಂದ್ವು ಮೇಡಂ."

ಮರಿಯನ್ನು ಹೊರಗೇ ಬಿಟ್ಟು ಶಿಲ್ಪ ಹಾಳೆ ಕೊಟ್ಟಳು. ಮೇಡಂ ಕೊನೆಯವರೆಗೂ ಓದಿ, ಅಂಕ ಹಾಕಿ, ಸಹಿ ಮಾಡುವತನಕ ಅವಳು ಉಸಿರು ಬಿಡಲಿಲ್ಲ.