ನಮ್ಮ ಹುಡುಗಿಗೆ ದಮ್ಮೈತಿ

ಬಾಯಿ ನನ್ನದು, ತಪ್ಪೂ ನನ್ನದೇ. ಬನವಾಸಿ ಸಂತೆಯಲ್ಲಿ ಗುಡ್ನಾಪುರದ ಸಾವಿತ್ರವ್ವ ಸಿಕ್ಕಳು. ಹಿಂದಿನ ವಾರವಷ್ಟೇ ತನ್ನ ಮಗ ಶಂಭುಲಿಂಗನಿಗೆಂದು ನನ್ನ ಅಕ್ಕನ ಮಗಳು ಮಹೇಶ್ವರಿಯನ್ನು ನೋಡಿಕೊಂಡು ಹೋಗಿದ್ದಳು. ಹುಡುಗ ಹುಡುಗಿ ಹಿತ್ತಿಲಲ್ಲಿ ಹತ್ತು ನಿಮಿಷ ಮಾತಾಡಿದ್ದೇ ಸೈ, ಅಂದಿನಿಂದ ನಮ್ಮ ಹುಡುಗಿ ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಿದ್ದಳು. ಅವರ ಒಪ್ಪಿಗೆಯೊಂದೇ ಬಾಕಿ.

ನಾನು ಸುಮ್ಮನಿರಬಾರದೇ? ಅನಾನಸ್ ತೋಟಕ್ಕೆ ನುಗ್ಗಿದ ಹಂದಿಯನ್ನು ಮಹೇಶ್ವರಿ ಒಬ್ಬಳೇ ತಾಟು ಬಡಿದು ಓಡಿಸಿದ್ದು ತಲೆಯಲ್ಲಿತ್ತು. ಬಾಯಿಗೆ ಬಂದದ್ದು ಇಷ್ಟೇ: “ನಮ್ಮ ಹುಡುಗಿಗೆ ದಮ್ ಭಾಳ ಐತ್ರಿ. ಸಣ್ಣಾಕಿ ಇದ್ದಾಗಿಂದ ಐತಿ. ಅವರವ್ವಗೂ ಐತಿ, ನನಗೂ ಐತಿ!”

“ಔಷಧ ಏನರ ಕೊಡಸೀರೇನು?” ಎಂದಳು ಸಾವಿತ್ರವ್ವ.

ತಮಾಷೆಯೆಂದುಕೊಂಡು ಹೊಟ್ಟೆ ಹಿಡಿದು ನಕ್ಕೆ. “ಇದಕ್ಕೆಲ್ಲಿ ಔಷಧರೀ? ನಿಮ್ಮನಿಗೆ ಬಂದ ಮ್ಯಾಲೆ ಇನ್ನೂ ಜಾಸ್ತಿ ಆಗ್ತೈತಿ, ನೋಡ್ತಿರ್ರಿ!”

ಮರುದಿನ ಫೋನು ಬಂತು. ದಮ್ಮಿನ ಬೇನೆಯ ಹುಡುಗಿ ಬೇಡವಂತೆ.

ಅಯ್ಯೋ ನನ್ನ ಕರ್ಮವೇ! ನಾನು ಅಂದದ್ದು ಧೈರ್ಯ, ಆಕೆ ಕೇಳಿದ್ದು ಉಬ್ಬಸ. ನಮ್ಮ ಕಡೆ ಎರಡಕ್ಕೂ ಅದೇ ಮಾತು. ತಿರುಗಿ ಫೋನು ಮಾಡಿದರೆ ಎತ್ತಲಿಲ್ಲ. ಮಹೇಶ್ವರಿ ಮೊದಲು ಅತ್ತಳು, ಆಮೇಲೆ ನನ್ನ ಮುಖ ನೋಡಿ ಬಿದ್ದು ಬಿದ್ದು ನಕ್ಕಳು, ಆಮೇಲೆ ಸ್ಕೂಟಿ ತೆಗೆದಳು. “ಹತ್ತು ಚಿಗವ್ವಾ.”

ಗುಡ್ನಾಪುರ ಮುಟ್ಟಿದಾಗ ಸಾವಿತ್ರವ್ವ ಮನೆಯ ಕಟ್ಟೆಯ ಮೇಲೆ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಹಂದಿಯ ಕತೆಯೆಲ್ಲ ಹೇಳಿ ಕೈಮುಗಿದೆ. ಆಕೆ ನಂಬಲಿಲ್ಲ.

“ಮುಚ್ಚಿಡಾಕ ಎಲ್ಲಾರೂ ಹಿಂಗ ಹೇಳ್ತಾರ. ನಮ್ಮನಿಯವರು ದಮ್ಮಿನಾಗ ಹೋದ್ರು, ನೀಲಗಂಗವ್ವಾ. ಹದಿನಾಕು ವರ್ಷ ಆ ಉಸಿರು ಕೇಳೀನಿ. ನನ್ನ ಮಗ ಅದನ್ನ ಕೇಳೂದು ಬ್ಯಾಡ.” ಹಾಗೆನ್ನುತ್ತ ಖಾರದ ಕೈಯಲ್ಲೇ ಕಣ್ಣೊರೆಸಿಕೊಂಡು ಚೀರಿದಳು.

ಮಹೇಶ್ವರಿ ಓಡಿ ನೀರು ತಂದಳು. ಕಣ್ಣು ತೊಳೆಯುತ್ತಲೇ ಅಂದಳು: “ನನಗ ಆ ಬ್ಯಾನಿ ಇಲ್ಲ, ಅತ್ತೀ. ದವಾಖಾನಿಗೆ ಬರ್ರಿ, ನಿಮ್ಮ ಮುಂದ ತಪಾಸ ಮಾಡಿಸ್ಕೋತೀನಿ. ಆದ್ರ, ಇದ್ದಿದ್ರೂ ಇವತ್ತ ಬರ್ತಿದ್ದೆ. ನಿಮ್ಮ ಮಗನ್ನ ನನಗ ಕೊಡ್ರಿ ಅಂತ ಕೇಳ್ತಿದ್ದೆ.”

ಶಿವನೇ! ನಮ್ಮ ವಂಶದಲ್ಲಿ ಯಾವ ಹುಡುಗಿಯೂ ಬಾಯಿಬಿಟ್ಟು ಗಂಡು ಕೇಳಿದ್ದಿಲ್ಲ. ಸಾವಿತ್ರವ್ವ ಬಾಯಿಗೆ ಸೆರಗು ಒತ್ತಿಕೊಂಡಳು, ಭುಜ ಕುಲುಕಿದವು. ಅಳುತ್ತಿದ್ದಾಳೆ ಅಂದುಕೊಂಡೆ. ನಗುತ್ತಿದ್ದಳು!

“ಏ ಶಂಭ್ಯಾ, ಹೊರಗ ಬಾ! ನಿನ್ನ ಕೇಳಾಕ ಬಂದಾರ!”

ಬಾಗಿಲ ಹಿಂದೆಯೇ ಇದ್ದನಲ್ಲ ಮಹರಾಯ. ಯಾರೂ ಏನೂ ಕೇಳುವ ಮೊದಲೇ “ಹ್ಞೂಂ” ಅಂದುಬಿಟ್ಟ.