ಕೆಂಪು ದಾರ

"ಈಗ ನೋಡಿ ಅತ್ತಿಗೆ, ಗೋಡೆ ಬೀಳತ್ತೆ," ಎಂದು ಅವನು ಕಿಟಕಿಯ ಪರದೆ ಎಳೆದು ಮಧ್ಯಾಹ್ನದ ಬಿಸಿಲನ್ನು ಆಚೆಗೆ ಹಾಕಿದ.

ಸಿನಿಮಾಗಳನ್ನು ಇಂಟರ್ನೆಟ್ಟಿನಲ್ಲಿ ಮನೆಯ ಟಿವಿಗೆ ಕಳಿಸಲಾಗುವಷ್ಟಕ್ಕೆ ಕುಗ್ಗಿಸಿ ಕೊಡುವುದು ಅವನ ಕೆಲಸ. ಕುಗ್ಗಿಸುವಾಗ ಹೊಗೆ, ಧೂಳು, ಕಿಡಿಗಳೇ ಮೊದಲು ಕೆಡುವುದು. ಹಳೆಯ ಪ್ರತಿಯಲ್ಲಿ ಗೋಡೆ ಬೀಳಿಸುವ ಈ ಸ್ಫೋಟ ಬರೀ ಬೂದು ಚೌಕಗಳ ರಾಶಿಯಾಗಿತ್ತು. ಮೂರು ವಾರ ಹಟಕ್ಕೆ ಬಿದ್ದು ಧೂಳಿನ ಕಣಕಣವನ್ನೂ ಉಳಿಸಿದ್ದ. ಆಫೀಸಿನವರು ಅವನಿಗೆ ಭೂತಗನ್ನಡಿ ಎಂದು ಹೆಸರಿಟ್ಟದ್ದು ಸುಮ್ಮನೆಯೇ?

ಅತ್ತಿಗೆ ಈ ಸಿನಿಮಾದ ಮುಂದೆ ಕೂತದ್ದೇ ದೊಡ್ಡದು. ನಾಯಕನಿಗೆ ಡೂಪ್ ಆಗಿದ್ದ ಅಣ್ಣ ಇದೇ ಗೋಡೆಯಿಂದ ಬಿದ್ದು ತೀರಿಕೊಂಡಿದ್ದ. ಆ ತುಣುಕನ್ನು ಯಾರಿಗೂ ತೋರಿಸಬೇಡಿ, ಅಷ್ಟೇ ಅವಳು ಕೇಳಿಕೊಂಡದ್ದು. ತೆಗೆದುಹಾಕಿದ್ದೇವೆ ತಾಯಿ, ಅಲ್ಲಿ ಬೀಳುವುದು ಕಂಪ್ಯೂಟರಿನಲ್ಲಿ ಮಾಡಿದ ಬೊಂಬೆ ಎಂದು ನಿರ್ಮಾಪಕರು ಮನೆಗೇ ಬಂದು ಮಾತು ಕೊಟ್ಟಿದ್ದರು. ಅಣ್ಣ ಕುದುರೆ ಓಡಿಸುವುದನ್ನಷ್ಟೇ ನೋಡೋಣವೆಂದು ಮೈದುನ ಅವಳನ್ನು ಪುಸಲಾಯಿಸಿದ್ದ. ಕುದುರೆ ಓಡಿ ಮುಗಿದ ಮೇಲೆ ತನ್ನ ಧೂಳನ್ನೂ ತೋರಿಸದೆ ಅವನಿಗೆ ಇರಲಾಗಲಿಲ್ಲ.

ಗೋಡೆ ಕುಸಿಯಿತು. ಧೂಳಿನ ನಡುವೆ ಕಪ್ಪು ಕೋಟಿನ ಮನುಷ್ಯನೊಬ್ಬ ತಲೆಕೆಳಗಾಗಿ ಬಂದ.

"ನಿಲ್ಲಿಸು," ಎಂದಳು.

ಮೆಚ್ಚಿಕೊಂಡಳೆಂದೇ ತಿಳಿದ ಪುಣ್ಯಾತ್ಮ. ಚಿತ್ರವನ್ನು ಅಲ್ಲೇ ನಿಲ್ಲಿಸಿ, ಎದ್ದು ಹೋಗಿ, ಕೋಟಿನ ಮೊಣಕೈಯಲ್ಲಿದ್ದ ಕೂದಲೆಳೆಯಷ್ಟು ಸಣ್ಣ ಕೆಂಪು ಗೆರೆಯನ್ನು ಬೆರಳಿಟ್ಟು ತೋರಿಸಿದ. ಈ ಕೆಂಪು ಹರಡದೆ ನಿಂತರೆ ಉಳಿದದ್ದೆಲ್ಲ ಸರಿಯಿದೆಯೆಂದು ಲೆಕ್ಕವಂತೆ, ದಿನಕ್ಕೆ ನೂರು ಸಲ ಇದನ್ನೇ ನೋಡುತ್ತಿದ್ದನಂತೆ. ತಿರುಗಿದರೆ ಅತ್ತಿಗೆಯ ಮುಖದಲ್ಲಿ ರಕ್ತವೇ ಇರಲಿಲ್ಲ.

"ಅವತ್ತು ಬೆಳಿಗ್ಗೆ ಕೋಟು ಹರಿದಿತ್ತು. ಕಪ್ಪು ದಾರ ಮುಗಿದುಹೋಗಿತ್ತು," ಎಂದಳು. "ಯಾರಿಗೆ ಕಾಣತ್ತೆ, ಕೆಂಪಲ್ಲೇ ಹೊಲಿ ಅಂದ್ರು ನಿಮ್ಮಣ್ಣ."

ಅವನು ಮತ್ತೆ ಆ ಗೆರೆಯನ್ನು ನೋಡಿದ. ಬೊಂಬೆಗೆ ಯಾರು ಹೊಲಿಗೆ ಹಾಕುತ್ತಾರೆ? ಮೂರು ವಾರ, ದಿನಕ್ಕೆ ನೂರು ಸಲ, ಒಡಹುಟ್ಟಿದ ಅಣ್ಣ ಸಾಯುವುದನ್ನು ನೋಡಿ ನೋಡಿ, ಚೆನ್ನಾಗಿ ಬಂದಿದೆ ಎಂದು ಬರೆದುಕೊಂಡಿದ್ದ. ಅಯ್ಯೋ, ಧೂಳು ಕಂಡಿತ್ತು, ಅಣ್ಣ ಕಂಡಿರಲಿಲ್ಲ.

"ಮೊದಲಿನ ಥರಾನೇ ಮಾಡಕ್ಕಾಗಲ್ವೇನೋ?" ಅತ್ತಿಗೆ ಮೆಲ್ಲಗೆ ಕೇಳಿದಳು. "ಏನೂ ಕಾಣದ ಹಾಗೆ?"

ಹೊಸ ಪ್ರತಿ ನಿನ್ನೆಯೇ ಮನೆಮನೆಗೆ ಹೋಗಿಯಾಗಿತ್ತು.

ಅತ್ತಿಗೆ ಎದ್ದು ಬಂದು ಟಿವಿಯ ಮೇಲೆ, ಆ ಮೊಣಕೈ ಇದ್ದ ಕಡೆ, ಅಂಗೈ ಇಟ್ಟು ಮುಚ್ಚಿದಳು. ಅವಳ ಬೆರಳುಗಳ ಸುತ್ತ ಧೂಳು ನಿಂತಿತ್ತು, ಒಂದೊಂದು ಕಣವನ್ನೂ ಎಣಿಸಬಹುದಾದಷ್ಟು ಸ್ಪಷ್ಟವಾಗಿ.